ಬಂದೂಕಿಗೆ ಎಷ್ಟು ಹೆಜ್ಜೆ

“ಶ್ಯಾವಿಗಿ ಒತ್ತೂದು ಬಂದೂಕ ಹೆಂಗ ಆಕ್ಕೈತಿ ಬೇ ತಂಗಿ? ನಮ್ಮತ್ತಿ ಕಾಲದ್ದಿದು. ಇದರಿಂದ ಯಾರರ ಸತ್ತಿದ್ರ, ಶ್ಯಾವಿಗಿ ಪಾಯಸಾ ಹೆಚ್ಚಿಗಿ ತಿಂದು ಸತ್ತಿರಬೇಕು.”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಗಾಜಿನ ಈಚೆ ಕುಳಿತ ಅಕ್ಷತಾ ಕಮ್ಮಾರ ಮಾತ್ರ ತುಟಿ ಕಚ್ಚಿಕೊಂಡು ಆ ಹಿತ್ತಾಳೆಯ ಒತ್ತನ್ನು ಎರಡೂ ಕೈಯಿಂದ ಎತ್ತಿ ಯಂತ್ರದ ಬಾಯೊಳಗಿಟ್ಟಳು. ಹುಬ್ಬಳ್ಳಿಯ ವರ್ಗೀಕರಣ ಕೇಂದ್ರದಲ್ಲಿ ನಗುವುದಕ್ಕೆ ನಿಷೇಧವೇನೂ ಇರಲಿಲ್ಲ. ಆದರೆ ದಿನಕ್ಕೆ ನೂರಿಪ್ಪತ್ತು ಸಾಮಾನು ನೋಡುವವರಿಗೆ ಪ್ರತಿ ಅಜ್ಜಿಯ ಜೊತೆಗೂ ನಗಲು ಪುರುಸೊತ್ತು ಸಿಗುವುದಿಲ್ಲ.

“ಬಂದೂಕ ಅಂತ ನಾವೆಲ್ಲಿ ಅಂದೀವಿ ಅಜ್ಜಿ. ಬಂದೂಕಿಗೆ ಎಷ್ಟು ದೂರ ಐತಿ ಅಂತಷ್ಟ ನೋಡ್ತೀವಿ.”

“ಎಷ್ಟು ದೂರ ಐತಿ?”

ಯಂತ್ರ ಗುಂಯ್‌ಗುಟ್ಟಿತು. ಪರದೆಯ ಮೇಲೆ ಏಳು ಎಂಬ ಅಂಕಿ ಬಂತು.

“ಏಳು ಹೆಜ್ಜಿ. ಚೀಟಿ ಹಚ್ಚಿ ಕೊಡ್ತೇನಿ, ಒಯ್ರಿ. ವರ್ಷಕ್ಕೊಮ್ಮೆ ತಂದು ತೋರಸ್ರಿ.”

ಆ ಯಂತ್ರಕ್ಕೆ ಕಾಗದಪತ್ರದಲ್ಲಿ ಅಂತರಮಾಪಕ ಎಂದು ಹೆಸರು. ನೋಡಲು ಸಣ್ಣ ತಿಜೋರಿ, ಅಷ್ಟೆ. ಒಳಗಿಟ್ಟ ವಸ್ತುವಿನ ಹೊಟ್ಟೆಯನ್ನು ಅದು ಕಿರಣದಿಂದ ನೋಡುತ್ತದೆ, ಲೋಹ ಎಷ್ಟು ಒತ್ತಡ ತಡೆದೀತೆಂದು ಅಂದಾಜು ಮಾಡುತ್ತದೆ. ಆಮೇಲೆ ಕಲ್ಪನೆ ಮಾಡಲು ಕೂರುತ್ತದೆ. ಊರಿನ ಯಾವ ಗಲ್ಲಿಯಲ್ಲೂ ಸಿಗುವ ಅರ, ಡ್ರಿಲ್ಲು, ವೆಲ್ಡಿಂಗು ಇವಿಷ್ಟನ್ನೇ ಬಳಸಿ ಈ ವಸ್ತುವನ್ನು ಗುಂಡು ಹಾರಿಸುವಂತೆ ಮಾಡಲು ಎಷ್ಟು ದಾರಿಗಳಿವೆ? ಕೋಟಿ ದಾರಿಗಳನ್ನು ಒಂದು ನಿಮಿಷದಲ್ಲಿ ನಡೆದು ನೋಡಿ, ಎಲ್ಲಕ್ಕಿಂತ ಗಿಡ್ಡ ದಾರಿ ಎಷ್ಟು ಹೆಜ್ಜೆಯದೆಂದು ಹೇಳುತ್ತದೆ. ನಾಲ್ಕಕ್ಕಿಂತ ಕಡಿಮೆ ಬಂದರೆ ನಿಷೇಧಿತ. ನಾಲ್ಕರಿಂದ ಹತ್ತು ಬಂದರೆ ಚೀಟಿ. ಅದಕ್ಕೂ ಮೇಲಾದರೆ ಸುಮ್ಮನೆ ಮನೆಗೆ ಒಯ್ಯಬಹುದು. ಲಟ್ಟಣಿಗೆ ತೊಂಬತ್ತಾರು, ಸೈಕಲ್ ಪಂಪು ಒಂಬತ್ತು.

ಹಿಂದೆ ಹೀಗಿರಲಿಲ್ಲ. ಹಿಂದಿನ ಕಾಯ್ದೆ ಬಂದೂಕನ್ನು ನೋಡಿ ಬಂದೂಕು ಅನ್ನುತ್ತಿತ್ತು. ನಳಿಗೆ ಎಷ್ಟುದ್ದ, ಅದರ ಒಳತೂತು, ಅಂದರೆ ಬೋರು, ಎಷ್ಟಗಲ, ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡೋ ಹಿಡಿದಷ್ಟು ಹೊತ್ತೂ ಗುಂಡೋ ಎಂದು ಅಳೆದು, ಇದು ನಿಷೇಧಿತ, ಇದಕ್ಕೆ ಪರವಾನಗಿ ಸಾಕು ಎಂದು ಪಟ್ಟಿ ಮಾಡುತ್ತಿತ್ತು. ಜನ ಮನೆಯಲ್ಲೇ ಪ್ಲಾಸ್ಟಿಕ್ ಕರಗಿಸಿ, ನಲ್ಲಿ ಪೈಪು ಕತ್ತರಿಸಿ ಬಂದೂಕು ಮಾಡತೊಡಗಿದ ಮೇಲೆ ಪಟ್ಟಿ ಸೋತಿತು. ಒಂದು ಹೆಸರು ಸೇರಿಸುವಷ್ಟರಲ್ಲಿ ಹತ್ತು ಹೊಸ ನಮೂನೆ ಬರುತ್ತಿದ್ದವು. ಆಗ ಕಾಯ್ದೆ, ಇದು ಏನು ಎಂದು ಕೇಳುವುದನ್ನು ಬಿಟ್ಟು, ಇದು ಏನಾಗಬಲ್ಲದು ಎಂದು ಕೇಳತೊಡಗಿತು. ಎಲ್ಲರೂ ಹೊಗಳಿದರು. ಅಕ್ಷತಾ ಕೂಡ ಹೊಗಳಿದ್ದಳು.

ಅಜ್ಜಿಯ ಹಿಂದೆ ನಿಂತಿದ್ದವರು ದೇಸಾಯರು. ಅವರ ಆಳು ಬಟ್ಟೆ ಬಿಚ್ಚಿ ಜೋಡು ನಳಿಗೆಯ ಬಂದೂಕನ್ನು ಮೇಜಿನ ಮೇಲಿಟ್ಟ. ಅಂತರ ಸೊನ್ನೆ. ಆದರೆ ಹೊಸ ಕಾಯ್ದೆಯ ಕೊನೆಯಲ್ಲಿ ವಿನಾಯಿತಿಗಳಿದ್ದವು. ಮೂರು ತಲೆಮಾರಿನಿಂದ ಪರವಾನಗಿ ಇದ್ದ ಮನೆತನದ ಆಯುಧಕ್ಕೆ ಪರಂಪರೆಯ ವಸ್ತುವೆಂದು ಹಸಿರು ಚೀಟಿ. ಮೂರು ನಿಮಿಷದ ಕೆಲಸ. ದೇಸಾಯರಿಗೆ ಒಳಗಿನಿಂದ ಚಹಾ ಕೂಡ ಬಂತು.

ಅಜ್ಜಿ ಇನ್ನೂ ಹೋಗಿರಲಿಲ್ಲ. ತನ್ನ ಒತ್ತಿನ ಹಳದಿ ಚೀಟಿಯನ್ನೂ ಆ ಹಸಿರು ಚೀಟಿಯನ್ನೂ ನೋಡಿದಳು. “ನಮ್ಮತ್ತಿ ಪರಂಪರಿ ಅಲ್ಲೇನ ಬೇ?” ಅಂದಳು. ಉತ್ತರಕ್ಕೆ ಕಾಯದೆ ಒತ್ತನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು.

ಊಟದ ಹೊತ್ತಿಗೆ ಕೇಂದ್ರದ ಮುಖ್ಯಸ್ಥ ಸವದತ್ತಿಮಠ ಸಾಹೇಬರು ಅಕ್ಷತಾಳನ್ನು ಒಳಗೆ ಕರೆದರು. ದನಿ ಏರಿಸದ ಮನುಷ್ಯ, ಮಾತಾಡುವಾಗ ಕನ್ನಡಕ ಒರೆಸುತ್ತಾರೆ. ಒಂದು ಹಾಳೆಯನ್ನು ಅವಳ ಕಡೆ ಸರಿಸಿದರು.

“ಕೈ ಪರೀಕ್ಷೆಯ ಪಟ್ಟಿ ಬಂದದ. ಹದಿನಾಲ್ಕನೇ ಹೆಸರು ನೋಡ್ರಿ.”

ಮೌನೇಶಪ್ಪ ಕಾಳಪ್ಪ ಕಮ್ಮಾರ, ಲೇಥ್ ಕೆಲಸ, ಹಳೇ ಹುಬ್ಬಳ್ಳಿ. ಅವಳ ಅಪ್ಪ.

ಈ ಕೈ ಪರೀಕ್ಷೆಯ ಕತೆ ಹೇಳಬೇಕು. ಯಂತ್ರ ಬಂದ ಎರಡನೇ ವರ್ಷ ಒಂದು ತೊಡಕು ಕಂಡಿತ್ತು. ಒಂದೇ ಕಬ್ಬಿಣದ ಪೈಪು ಒಬ್ಬನ ಅಂಗಡಿಯಲ್ಲಿ ಹನ್ನೊಂದು ಹೆಜ್ಜೆ ದೂರ, ಇನ್ನೊಬ್ಬನ ಶೆಡ್ಡಿನಲ್ಲಿ ಎರಡೇ ಹೆಜ್ಜೆ. ಪೈಪಿನಲ್ಲಿ ವ್ಯತ್ಯಾಸವಿರಲಿಲ್ಲ, ಹಿಡಿಯುವ ಕೈಯಲ್ಲಿತ್ತು. ಬಂದೂಕು ಎಂಬ ಮಾತಿನಲ್ಲಿ ಅದರ ಭಾಗಗಳೂ ಅದನ್ನು ಮಾಡುವ ಯಂತ್ರಗಳೂ ಸೇರುತ್ತವೆಂದು ಹಳೇ ಕಾಯ್ದೆಯಲ್ಲೇ ಇತ್ತು. ಹೊಸ ಕಾಯ್ದೆ ಬರೆದ ಸಮಿತಿಯವರು ಅದಕ್ಕೆ ಒಂದು ಸಾಲು ಕೂಡಿಸಿದರು. ಯಂತ್ರ ಎಂಬಲ್ಲಿ ನುರಿತ ಕೈಯೂ ಸೇರಿದೆ.

ನಿಷೇಧಿತವೆಂದು ಸಾಬೀತಾದ ಕೈಗೆ ಎರಡು ಬೂದು ಕಡಗ ತೊಡಿಸುತ್ತಾರೆ. ಮಣಿಕಟ್ಟಿನ ನರದ ಮಿಡಿತವನ್ನು ಅವು ಓದುತ್ತವೆ. ಅನ್ನ ಕಲಸಿದರೆ, ಕೊಡ ಎತ್ತಿದರೆ ಸುಮ್ಮನಿರುತ್ತವೆ. ಬೆರಳು ನವಿರಾಗಿ, ಅಳೆದಂತೆ ಚಲಿಸಿತೋ, ಒಂದು ಸಣ್ಣ ಮಿಂಚು ಕಳಿಸಿ ಬೆರಳನ್ನು ಹತ್ತು ನಿಮಿಷ ಮರಗಟ್ಟಿಸುತ್ತವೆ. ಬಿಚ್ಚುವ ದಿನ ಅಂತ ಯಾವುದೂ ಇಲ್ಲ.

ಅಕ್ಷತಾಳಿಗೆ ತಿಳಿಯದ್ದೇನೂ ಅಲ್ಲ. ನುರಿತ ಕೈ ಹೇಗಿರುತ್ತದೆಂದು ಯಂತ್ರಕ್ಕೆ ಕಲಿಸಲು ಒಂದು ಮಾದರಿ ಬೇಕಾಗಿತ್ತು. ಐದು ವರ್ಷದ ಹಿಂದೆ ಆ ಮಾದರಿಯ ಚಿತ್ರ ತೆಗೆದು, ಅಳೆದು, ಎಂಬತ್ತು ಪುಟದ ಟಿಪ್ಪಣಿ ಬರೆದು ಕೊಟ್ಟವಳು ಅವಳೇ. ಅಪ್ಪ ಅವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕ್ಯಾಮೆರಾ ಮುಂದೆ ನಿಂತಿದ್ದ.

“ನಾ ಇವರ ಹೆಸರು ತಗೀಲಿಕ್ಕೆ ನೋಡಿದೆ,” ಅಂದರು ಸವದತ್ತಿಮಠರು. “ಪಟ್ಟಿ ಯಂತ್ರನಽ ಮಾಡೂದು. ಸೋಮವಾರ ಪರೀಕ್ಷೆ.”

ಮನೆಯ ಮುಂದಿನ ಕೋಣೆಯೇ ಮೌನೇಶಪ್ಪನ ಶೆಡ್ಡು, ಅದರ ನಡುವೆ ಕಬ್ಬಿಣ ತಿರುಗಿಸಿ ಕೊರೆಯುವ ಲೇಥು. ಹಿಟ್ಟಿನ ಗಿರಣಿಯ ಶಾಫ್ಟು, ಶಾಫ್ಟಿಗೆ ಬಳೆಯಂತೆ ಕೂರುವ ಪಂಪಿನ ಬುಷ್ಷು, ಕಬ್ಬಿನ ಹಾಲಿನ ಗಾಣದ ರೋಲರು ಅವನ ಕೆಲಸ. ಅಕ್ಷತಾ ಬಂದಾಗ ಗಾಣದ ಮೆಹಬೂಬ ಸ್ಟೂಲಿನ ಮೇಲೆ ಕುಳಿತು ತನ್ನ ಬುಷ್ಷಿಗೆ ಕಾಯುತ್ತಿದ್ದ.

“ಮೌನೇಶಣ್ಣ, ಗೇಜ್ ಹಚ್ಚಿ ನೋಡಪಾ ಒಮ್ಮೆ. ಹ್ವಾದ ಸಲ ಬ್ಯಾರೆಯವ್ರ ಕಡೆ ಮಾಡಿಸಿದ್ದಕ್ಕ ಗಾಣ ಇಡೀ ಬ್ಯಾಸಗಿ ಅತ್ತೈತಿ.”

“ಗೇಜ್ ಅದರ ಅಳತಿ ಹೇಳ್ತೈತಿ. ಉಗುರು ನನ್ನ ಅಳತಿ ಹೇಳ್ತೈತಿ,” ಅಂದ ಮೌನೇಶಪ್ಪ. ಹೆಬ್ಬೆರಳಿನ ಉಗುರನ್ನು ಬುಷ್ಷಿನ ಒಳಗೋಡೆಯ ಮೇಲೆ ಮೆಲ್ಲಗೆ ಎಳೆದ. ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದದ ಒಂದು ಪಟ್ಟಿ ತೆಗೆದು ಶಾಫ್ಟಿಗೂ ಬುಷ್ಷಿಗೂ ನಡುವೆ ತೂರಿಸಿ, ಹಿಂದಕ್ಕೆಳೆದು, ಹರಿಯದೆ ಬಂದ ಕಾಗದವನ್ನು ಮೆಹಬೂಬನಿಗೆ ತೋರಿಸಿದ. ಕೊನೆಗೆ ಬುಷ್ಷಿನ ಅಂಚನ್ನು ಸುತ್ತಲೂ ಅರದಿಂದ ಸವರಿ ಕೊಟ್ಟ. ಅಂಚು ಸವರದೆ ಅವನು ಈವರೆಗೆ ಒಂದು ಸಾಮಾನೂ ಕೊಟ್ಟಿಲ್ಲ.

ಮೆಹಬೂಬ ಹೋದ ಮೇಲೆ ಅಕ್ಷತಾ ಬಾಗಿಲು ಮುಂದೆ ಮಾಡಿದಳು. ಅಡುಗೆಮನೆಯಿಂದ ಅವ್ವ ನೀಲಮ್ಮನೂ ಬಂದಳು. ವಿಷಯ ಕೇಳಿ ಮೊದಲು ಮಾತಾಡಿದವಳು ಅವಳೇ.

“ಅವತ್ತ ಹೇಳಿದ್ದೆ. ಕ್ಯಾಮೆರಾ ಮುಂದ ಅಷ್ಟ ಕುಣೀಬ್ಯಾಡ್ರಿ ಅಂತ.”

“ಮಗಳ ಆಫೀಸಿಂದು ಅಂತ ಮಾಡಿದ್ನೇ ಮಾರಾಯ್ತಿ.”

“ಅಪ್ಪಾ, ನಾ ಹೇಳೂದ ಸರಿಯಾಗಿ ಕೇಳ,” ಅಂದಳು ಅಕ್ಷತಾ. ಮುಂದಿನ ಮಾತು ಹೇಳಿದ್ದು ಗೊತ್ತಾದರೆ ಅವಳ ಕೆಲಸ ಹೋಗುವುದಷ್ಟೇ ಅಲ್ಲ, ಕೇಸೂ ಆಗುತ್ತಿತ್ತು. “ಐದು ಪೈಪ್ ಕೊಡ್ತಾರ. ಮೂವತ್ತು ಮಿಲಿಮೀಟರ್ ಬೋರ್ ಮಾಡ ಅಂತಾರ. ಗೇಜ್ ಕೊಡಂಗಿಲ್ಲ. ಮಿಲಿಮೀಟರಿನ ನೂರು ಪಾಲಿನ್ಯಾಗ ಹದಿನೈದು ಪಾಲಿನ ಒಳಗ ತಪ್ಪಿದ್ರ ನಿಷೇಧಿತ ಕೈ. ಅದಕ್ಕಿಂತ ಹೆಚ್ಚು ತಪ್ಪಿದ್ರ ಬಿಡ್ತಾರ. ನೀ ಕೆಡಸಬೇಕು.”

“ಕೆಡಸಬೇಕು.”

“ಹೂಂ.”

ಮೌನೇಶಪ್ಪ ಎಣ್ಣೆಯ ಅರಿವೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ. “ಎಷ್ಟು ಕೆಡಸಲಿ?”

“ಹದಿನೈದು ದಾಟಿದ್ರ ಆತು.”

“ಹಂಗಂದ್ರ ಹೆಂಗವ್ವಾ. ಒಂದು ಅಳತಿ ಹೇಳ.”

“ನಾಲ್ವತ್ತ ಕೆಡಸು. ನಾಲ್ವತ್ತ ಆದ್ರ ಬೇಕಾದಷ್ಟಾತು.”

“ನಾಲ್ವತ್ತ,” ಅಂದ ಮೌನೇಶಪ್ಪ, ಗಿರಾಕಿಯ ಮಾತು ಮನಸ್ಸಿನಲ್ಲಿ ಬರೆದುಕೊಳ್ಳುವವನ ಹಾಗೆ.

ಮರುದಿನ ಅವನು ಹಳೇ ಪೈಪೊಂದನ್ನು ಹಾಕಿ ಕೆಡಿಸುವ ಅಭ್ಯಾಸಕ್ಕೆ ಕೂತ. ಲೇಥು ನಡೆಯುತ್ತಿದ್ದಂತೆ ಅವನ ಮುಖ ಹುಳಿ ತಿಂದವನ ಹಾಗಾಯಿತು. ನೀಲಮ್ಮ ಬಾಗಿಲಲ್ಲಿ ನಿಂತು ನೋಡಿದಳು.

“ಮೂವತ್ತು ವರ್ಷ ಆತು, ಮನಿ ಕೆಲಸಾ ಒಂದೂ ಕೆಡಸದಽ ಬಿಟ್ಟಿಲ್ಲ. ಮೊಳಿ ಬಡಿ ಅಂದ್ರ ಗ್ವಾಡಿ ಒಡದೀರಿ. ಇದರಾಗ ಅಭ್ಯಾಸ ಬೇಕೇನು?”

“ಅದು ಸಿಮೆಂಟಲೇ. ಇದು ಕಬ್ಬಿಣ. ಇದು ನೆನಪ ಇಟ್ಕೋತೈತಿ.”

ಅವಳು ನಕ್ಕು ಎದುರಿಗೆ ಬಂದು ಕುಳಿತು ಮುಖ ಮುಂದೆ ಮಾಡಿದಳು. ಎಣ್ಣೆ ಸ್ನಾನ ಮಾಡಿದಾಗಲೆಲ್ಲ ಅವಳ ಮೂಗುಬಟ್ಟಿನ ತಿರುಪು ಸಡಿಲಾಗುತ್ತಿತ್ತು. ಸಾಸಿವೆಗಿಂತ ಚಿಕ್ಕ ತಿರುಪು. ಅಕ್ಕಸಾಲಿಗ ಮಾಡಿದ್ದು ಕಳೆದುಹೋದ ಮೇಲೆ ಮೌನೇಶಪ್ಪನೇ ಇದೇ ಶೆಡ್ಡಿನಲ್ಲಿ ಮಾಡಿದ್ದು. ಎರಡು ಬೆರಳ ತುದಿಯಲ್ಲಿ ಅದನ್ನು ಹಿಡಿದು ಒಂದೂವರೆ ಸುತ್ತು ತಿರುಗಿಸಿ ಬಿಟ್ಟ. ಅವಳು ಎದ್ದು ಒಳಗೆ ಹೋದಳು. ಎಷ್ಟೋ ವರ್ಷದಿಂದ ಹೀಗೇ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಪರೀಕ್ಷೆ. ಕೇಂದ್ರದ ಹಿಂಭಾಗದ ದೊಡ್ಡ ಕೋಣೆಯಲ್ಲಿ ಒಂದು ಸಾದಾ ಲೇಥು. ಛಾವಣಿಯಲ್ಲಿ ಆರು ಕ್ಯಾಮೆರಾ. ಗಾಜಿನ ಈಚೆ ಪರದೆಯ ಮುಂದೆ ಅಕ್ಷತಾ, ಪಕ್ಕದಲ್ಲಿ ಸವದತ್ತಿಮಠರು. ಮಗಳು ಅಪ್ಪನ ಪರೀಕ್ಷೆಗೆ ಕೂರಬಾರದೆಂಬ ನಿಯಮ ಇರಲಿಲ್ಲ. ಯಂತ್ರದ ತೀರ್ಪಿನಲ್ಲಿ ಮನುಷ್ಯರು ಕೈ ಹಾಕಲು ಬರುವುದೇ ಇಲ್ಲವಾದ್ದರಿಂದ ಅಂಥ ನಿಯಮ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಮೌನೇಶಪ್ಪ ಇಸ್ತ್ರಿ ಅಂಗಿಯಲ್ಲೇ ಬಂದಿದ್ದ. ಲೇಥನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಶುರು ಮಾಡಿದ. ಕಬ್ಬಿಣದ ಸುರುಳಿಗಳು ನೀಲಿಯಾಗಿ ಬೀಳತೊಡಗಿದವು. ನಡುನಡುವೆ ನಿಲ್ಲಿಸಿ ಉಗುರು ಎಳೆಯುತ್ತಿದ್ದ, ಜೇಬಿನ ಬೆಳ್ಳಿ ಕಾಗದವನ್ನು ಮಡಚಿ ಮಡಚಿ ಏನೋ ಲೆಕ್ಕ ಹಾಕುತ್ತಿದ್ದ.

ಮೊದಲ ಪೈಪಿನ ಅಳತೆ ಪರದೆಗೆ ಬಂತು. ಮೂವತ್ತು ಮಿಲಿಮೀಟರಿನ ಮೇಲೆ ನಲವತ್ತು ಪಾಲು. ಅಕ್ಷತಾ ಕುರ್ಚಿಗೆ ಒರಗಿದಳು. ಎರಡನೆಯದೂ ನಲವತ್ತು. ಅವಳಿಗೆ ನಗು ಬಂದಂತಾಯಿತು. ಮೂರನೆಯದು ನಲವತ್ತು ಬಂದಾಗ ಆ ನಗು ಎಲ್ಲೋ ನಿಂತಿತು. ಎದ್ದು ಗಾಜು ಬಡಿಯಬೇಕೆನ್ನಿಸಿತು. ಗಾಜು ಬಡಿದರೆ ಏನಾಗುತ್ತದೆಂದು ಗೊತ್ತಿತ್ತು. ಕುಳಿತೇ ಇದ್ದಳು. ನಾಲ್ಕನೆಯದು ನಲವತ್ತು. ಐದನೆಯದು ಮೂವತ್ತೊಂಬತ್ತು. ಮೌನೇಶಪ್ಪ ಐದನೆಯದಕ್ಕೆ ಉಗುರು ಎಳೆದು, ತಲೆ ಅಲ್ಲಾಡಿಸಿ, ಮತ್ತೊಮ್ಮೆ ಲೇಥಿಗೆ ಹಾಕಿ ಒಂದು ತೆಳು ಸುರುಳಿ ತೆಗೆದ. ನಲವತ್ತು.

ಆಮೇಲೆ, ಯಾರೂ ಕೇಳದಿದ್ದರೂ, ಅರ ತೆಗೆದುಕೊಂಡು ಐದೂ ಪೈಪುಗಳ ಅಂಚನ್ನು ಸುತ್ತಲೂ ಸವರಿದ.

ಪರದೆಯ ಮೇಲೆ ಅಂತರ ಎಂಬ ಪದದ ಮುಂದೆ ಅಂಕಿ ಮೂಡಿತು. ಒಂದು.

“ಸರ್, ಇದು ತಪ್ಪು,” ಅಂದಳು ಅಕ್ಷತಾ. “ಐದಕ್ಕೈದೂ ಹದಿನೈದರ ಹೊರಗ ಅದಾವು. ನಿಯಮದ ಪ್ರಕಾರ ಬಿಡಬೇಕು. ಅಳತಿ ತಪ್ಪಿದಾರ ಅವರು.”

ಸವದತ್ತಿಮಠರು ಕನ್ನಡಕ ತೆಗೆದರು. “ಅಳತಿ ತಪ್ಪಿಲ್ಲ ಅಕ್ಷತಾ. ಅವರು ಬ್ಯಾರೆ ಅಳತಿ ಹಿಡದಾರ. ಹದಿನೈದರ ಗಡಿ ಮೊದಲನೇ ಕಲಮು. ಎರಡನೇ ಕಲಮು ಯಾರಿಗೂ ಹೇಳಂಗಿಲ್ಲ, ಯಂತ್ರದೊಳಗ ಇರ್ತದ.” ಪರದೆಯ ಕೆಳಗಿನ ಸಣ್ಣ ಅಕ್ಷರ ಓದಿದರು. “ನುರಿತ ಕೈಯ ಗುರುತು ಸರಿಯಾದ ಅಳತೆಯಲ್ಲ, ಬೇಕೆಂದಾಗ ಅದೇ ಅಳತೆಯನ್ನು ಮತ್ತೆ ಮತ್ತೆ ಕೊಡಬಲ್ಲದ್ದೇ ನುರಿತ ಕೈ.”

ಅಕ್ಷತಾಳಿಗೆ ಆ ವಾಕ್ಯದ ಪರಿಚಯವಿತ್ತು. ಎಂಬತ್ತು ಪುಟದ ಟಿಪ್ಪಣಿಯಲ್ಲಿ ಎಲ್ಲೋ ನಡುವೆ, ಅಪ್ಪನ ಮೇಲಿನ ಹೆಮ್ಮೆಗೆ ಬರೆದ ಸಾಲು ಅದು. ಅದು ಕಲಮಾಗಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಅಂಚು ಸವರಿದ್ದೂ ದಾಖಲಾಗೇದ,” ಅಂದರು ಸವದತ್ತಿಮಠರು. “ಕೆಲಸ ಪೂರ್ತಿ ಮಾಡುವ ಸ್ವಭಾವ ಅಂತ. ಅದಕ್ಕೂ ಅಂಕ ಅದಾವು.”

ಒಪ್ಪಿಗೆಯ ಗುಂಡಿ ಅವಳ ಮುಂದಿತ್ತು. ಒತ್ತದಿದ್ದರೆ ನಾಳೆ ಧಾರವಾಡದಲ್ಲಿ ಯಾರೋ ಒತ್ತುತ್ತಾರೆ, ಹದಿನೈದರ ಗಡಿ ಇವರಿಗೆ ಹೇಗೆ ತಿಳಿಯಿತು ಎಂಬ ವಿಚಾರಣೆಯೂ ಶುರುವಾಗುತ್ತದೆ. ಸವದತ್ತಿಮಠರು ಅವಳನ್ನು ಹತ್ತು ಸೆಕೆಂಡು ನೋಡಿದರು. ಅವರಿಗೆ ಎಷ್ಟು ತಿಳಿಯಿತೋ ಅವಳಿಗೆ ಗೊತ್ತಾಗಲಿಲ್ಲ. “ನೀವು ಒತ್ತೂದು ಬ್ಯಾಡ,” ಎಂದು ತಾವೇ ಕೈ ಚಾಚಿ ಒತ್ತಿದರು.

ಗಾಜಿನ ಆಚೆ ಮೌನೇಶಪ್ಪ ಕೈ ಒರೆಸಿಕೊಳ್ಳುತ್ತ ಮಗಳ ಕಡೆ ನೋಡಿ ನಕ್ಕ. ಕೆಡಿಸಿದ್ದು ಚೆನ್ನಾಗಿ ಬಂದಿದೆಯೆಂಬ ನಗು.

ಕಡಗ ತೊಡಿಸುವವನು ಬಂದಾಗ ಮೌನೇಶಪ್ಪ ಒಂದೇ ಒಂದು ಪ್ರಶ್ನೆ ಕೇಳಿದ. “ಅಂಚು ಸವರಿದ್ದಕ್ಕ ಏನರ ತಪ್ಪಾತೇನ್ರಿ? ಕೆಟ್ಟ ಪೈಪು ಯಾರರ ಎತ್ತಿ ಒಗಿಯೂ ಮುಂದ ಕೈ ಕೊಯ್ಕೋತಾರ ಅಂತ ಮಾಡಿದ್ನಿ.”

ನಾಲ್ಕು ದಿನ ಶೆಡ್ಡಿನ ಬಾಗಿಲು ತೆರೆದೇ ಇತ್ತು, ಲೇಥು ಮಾತ್ರ ತಿರುಗಲಿಲ್ಲ. ಶುಕ್ರವಾರ ಬೆಳಿಗ್ಗೆ ಮೆಹಬೂಬ ಬಂದ. ಅವನ ಗಾಣದ ಇನ್ನೊಂದು ಬುಷ್ಷು ಸವೆದಿತ್ತು.

“ನೀ ಮುಟ್ಟಬ್ಯಾಡ ಮೌನೇಶಣ್ಣ. ಕುಂತ ಹೇಳು. ನಾ ತಿರುಗಸ್ತೇನಿ. ಬಾಯಿಗೇನ ಕಡಗ ಹಾಕ್ಯಾರ?”

ರಜೆ ಹಾಕಿ ಮನೆಯಲ್ಲಿದ್ದ ಅಕ್ಷತಾ ಒಳಗಿನಿಂದಲೇ ಹೇಳಿದಳು. “ಹೇಳಿಕೊಡೂದೂ ಒಂದು ಹೆಜ್ಜಿ ಅಂತ ಲೆಕ್ಕ ಐತಿ ಕಾಕಾ. ನಿಮ್ಮ ಹೆಸರೂ ಪಟ್ಟಿಗೆ ಬರ್ತೈತಿ.”

“ಕಬ್ಬಿನ ಹಾಲಾಗ ಏನ ಗುಂಡ ಹಾರಸ್ತೇನವಾ ನಾನು,” ಅಂದ ಮೆಹಬೂಬ. ನಗಿಸಲು ಹೇಳಿದ್ದು. ಯಾರೂ ನಗದ್ದು ಕಂಡು ಬುಷ್ಷನ್ನು ಚೀಲಕ್ಕೆ ಹಾಕಿಕೊಂಡು, ಮೌನೇಶಪ್ಪನ ಭುಜ ಮುಟ್ಟಿ ಹೋದ. ಸ್ವಲ್ಪ ಹೊತ್ತಿಗೆ ರಸ್ತೆಯ ತುದಿಯಿಂದ ಗಾಣದ ಕಿರಗುಡುವ ಸದ್ದು ಕೇಳಿಸಿತು. ಮೌನೇಶಪ್ಪ ತಲೆ ವಾಲಿಸಿ ಕೇಳಿದ. “ಬಲಗಡೀದು,” ಅಂದ.

ಅಕ್ಷತಾ ಬಂದು ಅವನ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ನಾಲ್ಕು ದಿನದಿಂದ ಕೇಳಬೇಕೆಂದುಕೊಂಡಿದ್ದನ್ನು ಕೇಳಿದಳು.

“ಅಪ್ಪಾ, ಒಂದು ಇಪ್ಪತ್ತು, ಒಂದು ಐವತ್ತು, ಒಂದು ಎಪ್ಪತ್ತು, ಹಂಗ ಹೆಂಗ ಬೇಕಾದಂಗ ಕೆಡಸಬೇಕಿಲ್ಲೇನು?”

ಮೌನೇಶಪ್ಪ ಅವಳನ್ನು ನಿಜಕ್ಕೂ ಅರ್ಥವಾಗದವನಂತೆ ನೋಡಿದ.

“ನಾಲ್ವತ್ತ ಅಂದಿದ್ದೆಲ್ಲವಾ ನೀ.”

ಅವಳು ತಲೆ ತಗ್ಗಿಸಿದಳು.

“ಐದನೇದು ಒಂದು ಪಾಲು ಕಡಿಮಿ ಬಿದ್ದಿತ್ತು,” ಅಂದ ಅವನು, ಸಮಾಧಾನ ಹೇಳುವವನಂತೆ. “ಮಗಳು ಹೇಳಿದ ಅಳತಿ, ಬಿಡಬಾರದು ಅಂತ ಮತ್ತೊಮ್ಮಿ ಹಾಕಿ ತಗದ್ನಿ.”

ನೀಲಮ್ಮ ಎಣ್ಣೆ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ಲು ಸುತ್ತಿಕೊಂಡು ಬಂದಳು. ಏನನ್ನೋ ಯೋಚಿಸುತ್ತ, ರೂಢಿಯಂತೆ ಅವನ ಎದುರು ಕುಳಿತು ಮುಖ ಮುಂದೆ ಮಾಡಿದಳು. ಅವನೂ ರೂಢಿಯಂತೆ ಎರಡು ಬೆರಳು ಚಾಚಿ ಮೂಗುಬಟ್ಟಿನ ತಿರುಪು ಹಿಡಿದ. ಅರ್ಧ ಸುತ್ತು ಆಗಿರಬೇಕು. ಕಡಗ ಗುಂಯ್ ಅಂದಿತು. ಬೆರಳುಗಳು ಹಾಗೇ ಬಿಗಿದು ನಿಂತವು. ತಿರುಪು ಜಾರಿ ಲೇಥಿನ ಕಾಲ ಬಳಿಯ ಕಬ್ಬಿಣದ ಸುರುಳಿಗಳಲ್ಲಿ ಬಿತ್ತು.

ಅಕ್ಷತಾ ನೆಲಕ್ಕೆ ಕುಳಿತು ಸುರುಳಿಗಳನ್ನು ಒಂದೊಂದಾಗಿ ಸರಿಸಿ ಹುಡುಕಿದಳು. ಸಿಕ್ಕಿತು. ನೀಲಮ್ಮ ಅದನ್ನು ಅಂಗೈಗೆ ತೆಗೆದುಕೊಂಡಳು, ಮೂಗಿನಿಂದ ಬಟ್ಟನ್ನೂ ಕಳಚಿದಳು, ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿ ಒಳಗೆ ಹೋದಳು.